ಬಿಸಿಲೇರುವ ಮುಂಚೆ

ಬುಕಿತ್ ಬಾಟೋಕ್‌ನಲ್ಲಿ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯಲ್ಲಿದ್ದ ಅಂಕಲ್ ಐಸ್ ಕಚಾಂಗ್ ತಿನ್ನುವುದನ್ನು ನೋಡಬೇಕಿತ್ತು. ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ತುರಿದ ಐಸಿನ ಆ ಗುಡ್ಡೆ ಮೇಜಿಗೆ ಬಂದರೆ ಅವರು ಚಮಚ ಮುಟ್ಟದೆ, ಕೆನ್ನೆಗೆ ಕೈಯಿಟ್ಟು ಕೂರುತ್ತಿದ್ದರು. ಕೆಂಪು ಪಾಕ ಒಳಗಿಳಿದು, ಸೆಕೆಗೆ ಬುಡವೆಲ್ಲ ಒದ್ದೆಯಾಗಿ, ಒಂದು ಮಗ್ಗುಲು ಸದ್ದಿಲ್ಲದೆ ಜಾರುತ್ತಿತ್ತು.

"ನೋಡಿದ್ಯಾ? ಏಪ್ರಿಲ್‌ನಲ್ಲಿ ಹಿಮಾಲಯ ಹಿಂಗೇ. ಬಿಸಿಲೇರೋಕೆ ಮುಂಚೆ ದಾಟಿಬಿಡ್ಬೇಕು."

ಲಿಫ್ಟಿಗೆ ಕಾಯುವಾಗಲೂ ಅದೇ ಮಾತು.

ತೊಂಬತ್ತರ ದಶಕದ ಒಂದು ಏಪ್ರಿಲ್‌ನಲ್ಲಿ ನನ್ನನ್ನೂ ಹಿಮಾಲಯಕ್ಕೆ ಕರೆದೊಯ್ದರು. ಅದಕ್ಕೆಂದೇ ಇಬ್ಬರೂ ವರ್ಷವಿಡೀ ಬೆನ್ನಿಗೆ ಅಕ್ಕಿ ಚೀಲ ಹೊತ್ತು ಬ್ಲಾಕಿನ ಮೆಟ್ಟಿಲು ಹತ್ತಿದ್ದೆವು. ಅವರ ಮಂಡಿಗೆ ಇದೇ ಕೊನೆಯ ಏರು ಎಂಬುದು ಇಬ್ಬರಿಗೂ ಗೊತ್ತಿತ್ತು.

ದಾಟಬೇಕಿದ್ದ ಕೊನೆಯ ಇಳಿಜಾರಿನ ಅಂಚಿಗೆ ನಸುಕಿನಲ್ಲೇ ತಲುಪಿದೆವು. ಬಿಸಿಲು ಇನ್ನೂ ಬಂದಿರಲಿಲ್ಲ. ಆದರೆ ರಾತ್ರಿಯಿಡೀ ಮೋಡ ಕವಿದು, ಚಳಿ ಸಾಲದೆ, ಹಿಮ ಗಟ್ಟಿಯಾಗಿರಲಿಲ್ಲ. ಅಂಕಲ್ ಕೋಲು ಊರಿದರು. ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಆಚೆ ಬದಿ ಕೈಗೆಟಕುವಷ್ಟು ಹತ್ತಿರವಿತ್ತು, ಕನಸಿನಲ್ಲಿ ಕಂಡಂತೆ ಬೆಳ್ಳಗೆ. ಅದನ್ನು ಬಹಳ ಹೊತ್ತು ನೋಡಿದರು.

"ನಡಿ, ವಾಪಸ್."

ತಿಂಗಳಾದ ಮೇಲೆ, ಅದೇ ಹಾಕರ್ ಸೆಂಟರ್‌ನಲ್ಲಿ, ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಸಂಜೆವರೆಗೂ ಕೆಳಗಿಂದ ನೋಡ್ತಾನೇ ಇದ್ವಲ್ಲ ಅಂಕಲ್. ಅಲ್ಲಿ ಹಿಮ ಜಾರ್ಲಿಲ್ಲ, ಏನೂ ಆಗ್ಲೇ ಇಲ್ಲ."

"ಆಗ್ಲಿಲ್ಲ, ಅಲ್ವಾ?"

ನಾನೇನೋ ಶುಭಸುದ್ದಿ ತಂದವನಂತೆ ಅವರ ಮುಖ ಅರಳಿತು. ಅಂದು ಮಾತ್ರ ಐಸ್ ಜಾರುವವರೆಗೆ ಅವರು ಕಾಯಲಿಲ್ಲ. ಗುಡ್ಡೆಯ ನೆತ್ತಿಗೇ ಚಮಚ ಹಾಕಿ, ಮೊದಲ ತುತ್ತನ್ನು ನನ್ನ ಬಟ್ಟಲಿಗೆ ಬಡಿಸಿದರು.