ಗೂಳಿ ಮತ್ತು ನನ್ನ ಬ್ರಾಂಚುಗಳು

ಈಚೆಗೆ ಎಲ್ಲಿಗೆ ಹೋದರೂ ನಾನು ಮೊದಲು ನೋಡುವುದು, ಅಲ್ಲಿ ಹತ್ತಿ ನಿಲ್ಲಲು ಏನಾದರೂ ಇದೆಯೇ ಎಂದು. ಬ್ಯಾಂಕಿನಲ್ಲಿ ಕೌಂಟರು, ಮದುವೆಮನೆಯಲ್ಲಿ ವೇದಿಕೆ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ವಾರವಿಡೀ ವಾಣಿಜ್ಯಶಾಸ್ತ್ರ ಹೇಳಿ, ಶನಿವಾರ ಭಾನುವಾರ ಸಂಜೆ ಶಾಲೆಯೊಂದರ ಅಂಗಳದಲ್ಲಿ ಕರಾಟೆ ಕಲಿಸುವ, ಸೊಂಟಕ್ಕೆ ಕಪ್ಪು ಪಟ್ಟಿ ಬಿಗಿಯುವ ಮನುಷ್ಯ ಇಂಥ ಮಾತನ್ನು ಬಾಯಿಬಿಟ್ಟು ಹೇಳಬಾರದು. ಆದರೆ ನಿಮ್ಮೆದುರು ಬಿಗುಮಾನವೇಕೆ?

ನಡೆದದ್ದು ಸಂತೆಯಲ್ಲಿ. ನಾನು ಬದನೆಕಾಯಿ ಆರಿಸುತ್ತಿದ್ದೆ. ಸ್ವಲ್ಪ ಆಚೆ ನನ್ನ ಶಿಷ್ಯೆ ಕಾವ್ಯ, ಐದನೇ ಕ್ಲಾಸಿನ ಹುಡುಗಿ, ಅಜ್ಜಿಯ ಜೊತೆ ನಿಂತಿದ್ದಳು. ದೇವರಿಗೆ ಬಿಟ್ಟ ಗೂಳಿಯೊಂದಿದೆ ನಮ್ಮೂರಲ್ಲಿ. ಎಲ್ಲರೂ ಬಸವಣ್ಣ ಎಂದು ಕರೆದು ಸೊಪ್ಪು ತಿನ್ನಿಸುವ ಸಾಧುಪ್ರಾಣಿ. ಅಂದು ಏನು ಕಂಡು ಬೆದರಿತೋ, ತಲೆ ತಗ್ಗಿಸಿ ನಮ್ಮತ್ತಲೇ ನುಗ್ಗಿತು. ಕಾವ್ಯ ಓಡಲಿಲ್ಲ. ಹಿಮ್ಮಡಿ ಕೂಡಿಸಿ, ಕೈಗಳನ್ನು ತೊಡೆಗೆ ಹಚ್ಚಿ, ಸೊಂಟದಿಂದ ಬಗ್ಗಿ ಗೂಳಿಗೆ ವಂದಿಸಿದಳು.

ಎದುರಾಳಿ ಯಾರೇ ಆಗಲಿ, ಮೊದಲು ಬಗ್ಗಿ ವಂದಿಸಬೇಕು ಎಂದು, ಮರೆತವರನ್ನು ಅಂಗಳ ಸುತ್ತಿಸಿ ಸುತ್ತಿಸಿ ಅವಳ ಮೈಗೆ ಹತ್ತಿಸಿದವನು ನಾನೇ. ಕೊಂಬಿಗೂ ಅವಳ ಜಡೆಗೂ ನಡುವೆ ಒಂದು ಗೇಣೂ ಇರಲಿಲ್ಲ. ಗೂಳಿ ಅವಳನ್ನು ಹಾದು, ಕೊತ್ತಂಬರಿ ರಾಶಿ ತುಳಿದುಕೊಂಡು ಹೋಯಿತು. ಇದೆಲ್ಲ ನನಗೆ ಅಷ್ಟು ಸ್ಪಷ್ಟವಾಗಿ ಕಂಡದ್ದೇಕೆಂದರೆ, ಆ ಹೊತ್ತಿಗೆ ನಾನೊಂದು ಲಗೇಜು ಆಟೋದ ಟಾಪಿನ ಮೇಲಿದ್ದೆ. ಹೇಗೆ ಹತ್ತಿದೆನೋ ದೇವರೇ ಬಲ್ಲ. ಕೈಯಲ್ಲಿ ಬದನೆಕಾಯಿ ಹಾಗೇ ಇತ್ತು.

ನಮ್ಮ ಸೀಮೆಯ ಹಳೆಯ ಗುಡಿಗಳ ಪಕ್ಕ ವೀರಗಲ್ಲುಗಳನ್ನು ನೀವು ನೋಡಿರಬಹುದು. ತುರು ಕಾಯುತ್ತ, ಅಂದರೆ ದನಗಳಿಗಾಗಿ ಹೋರಾಡುತ್ತ ಸತ್ತವರಿಗೆ ನೆಟ್ಟ ಕಲ್ಲುಗಳು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ದನಕ್ಕೆ ಹೆದರಿ ಬದುಕಿಕೊಂಡವನಿಗೆ ಯಾವ ಶಿಲ್ಪಿಯೂ ಕಲ್ಲು ಕಡೆದಿಲ್ಲ. ಕಡೆದರೆ ಮೂರು ಅಂತಸ್ತಿಗೂ ಆಟೋ ಒಂದೇ ಸಾಕಾದೀತು.

ಸಂತೆಯೆಲ್ಲ ಗೂಳಿಯನ್ನು ನೋಡುತ್ತಿತ್ತು, ನನ್ನನ್ನಲ್ಲ. ಹಾಗಾಗಿ ಊರಲ್ಲಿ ವಾದ ನಡೆದದ್ದು ಕಾವ್ಯಳ ಬಗ್ಗೆ ಮಾತ್ರ.

"ಬಸವಣ್ಣಗ ಶರಣು ಮಾಡಿದ್ಲು ನನ್ನ ಮೊಮ್ಮಗಳು. ಆತ ದಾರಿ ಬಿಟ್ಟ," ಎಂದಳು ಅಜ್ಜಿ.

"ಅಲ್ಲಬೇ ಯವ್ವಾ, ಅದು ಕರಾಟಿ! ಸರ್ ಕಲಿಸಿದ ಪಟ್ಟು," ಎಂದ ಅವಳ ಮಗ, ಕಾವ್ಯಳ ಅಪ್ಪ ಮಂಜಣ್ಣ. ಅವನು ಬಸ್ ಕಂಡಕ್ಟರು. ಮರುದಿನವೇ ನಮ್ಮ ಮನೆಗೆ ಬಂದ. "ಸರ್, ಹಿಂಗ ಒಂದ ಊರಾಗ ಕುಂತ್ರ ಹೆಂಗ್ರಿ? ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಾ ಕಡಿ ಬ್ರಾಂಚ್ ತಗೀರಿ!" ಅವನು ಕೂಗಿದ ಧಾಟಿಗೆ ನಾನು ಎದ್ದು ಓಡಿ ಸೀಟು ಹಿಡಿಯುವುದೊಂದು ಬಾಕಿ.

ಸುಳ್ಳೇಕೆ ಹೇಳಲಿ, ಆಸೆಯಾಯಿತು. ನಾಲ್ಕೂ ಊರಿನಲ್ಲಿ ನನ್ನ ಕಾಲೆತ್ತಿದ ಭಂಗಿಯ ಬೋರ್ಡುಗಳು ಮನಸ್ಸಿನಲ್ಲೇ ಎದ್ದವು. ಆಟೋದ ವಿಷಯ ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. "ನಾಕೂ ಊರಾಗ ಆಟೋ ಸ್ಟ್ಯಾಂಡ್ ಅದಾವಿಲ್ಲೋ ನೋಡ್ಕೊಂಡು ಹ್ಞೂಂ ಅನ್ರಿ," ಎಂದಳು.

ನಕ್ಕೆ. ಆದರೆ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಆ ಬಗ್ಗಿದ ಪುಟ್ಟ ಬೆನ್ನು ಕಣ್ಣೆದುರು ಬರುತ್ತಿತ್ತು. ನನ್ನ ಕಣ್ಣೊಳಗಿನ ಗೂಳಿ ಪ್ರತಿ ಸಲವೂ ಪಕ್ಕಕ್ಕೆ ಹಾದುಹೋಗುತ್ತಿರಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಮುರಿಯುತ್ತಿತ್ತು.

ಶನಿವಾರ ಸಂಜೆ ಮಂಜಣ್ಣ ಕೊಟ್ಟೂರಿನಿಂದ ಇಬ್ಬರು ಹಿರಿಯರನ್ನು ಶಾಲೆಯ ಅಂಗಳಕ್ಕೆ ಕರೆತಂದ. ಅಲ್ಲಿ ಬ್ರಾಂಚಿಗೆ ಜಾಗ ಕೊಡುವವರು. ನಾನು ಹ್ಞೂಂ ಅನ್ನುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಕಾವ್ಯ ಬಂದು ಕೇಳಿದಳು: "ಸರ್, ಮುಂದಿನ ಸಲ ಗೂಳಿ ಬಂದ್ರ ಇನ್ನಾ ಕೆಳಗ ಬಗ್ಗಬೇಕೇನ್ರಿ?"

ಅವಳು ಮುಂದಿನ ಸಲಕ್ಕೆ ಸಿದ್ಧಳಾಗುತ್ತಿದ್ದಳು!

"ಬಗ್ಗಬಾರದು," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಓಡಬೇಕು. ಏನಾರ ಸಿಕ್ರ ಹತ್ತಬೇಕು. ಅವತ್ತು ನಾನು ಆಟೋದ ಟಾಪ್ ಹತ್ತಿದ್ದೆ."

ಮಂಜಣ್ಣನ ಮುಖ ನೋಡಲಾಗಲಿಲ್ಲ. ಹಿರಿಯರಲ್ಲೊಬ್ಬರು ಮೆಲ್ಲಗೆ ಕೇಳಿದರು: "ಅಲ್ರೀ, ಓಡಾಕ ಮಾಸ್ತರ್ ಯಾಕ ಬೇಕ್ರಿ?"

"ಹುಟ್ಟಿದಾಗಿಂದ ಬರ್ತಿತ್ರಿ ಈ ಹುಡುಗ್ರಿಗೆ. ಮರಸಿದವ ನಾನು. ಮತ್ತ ನಾನೇ ಕಲಿಸಬೇಕಲ್ರಿ," ಎಂದೆ.

ಅವರು ಚಹಾ ಕುಡಿದು ಕೊಟ್ಟೂರು ಬಸ್ಸು ಹಿಡಿದರು. ಉಳಿದ ಮೂರು ಬ್ರಾಂಚುಗಳೂ ಅದೇ ಬಸ್ಸಿನಲ್ಲಿ ಹೋದವು.

ಅಂದಿನಿಂದ ನಮ್ಮ ಪಾಠ ಶುರುವಾಗುವುದು ಹೀಗೆ: ನಾನು "ಗೂಳಿ!" ಎಂದು ಕೂಗಿದರೆ ಮಕ್ಕಳೆಲ್ಲ ಓಡಿ ಅಂಗಳದ ತುದಿಯ ನಾಟಕದ ಕಟ್ಟೆ ಹತ್ತಬೇಕು. ಮೊದಮೊದಲು ಕಾವ್ಯ ಓಡುವ ಮುನ್ನ ಒಂದು ಕ್ಷಣ ತಡೆಯುತ್ತಿದ್ದಳು. ಹೋದ ಭಾನುವಾರ ತಡೆಯಲಿಲ್ಲ. ಎಲ್ಲರಿಗಿಂತ ಮೊದಲು ಮೇಲಿದ್ದಳು. ಮಾಸ್ತರನೂ ಹತ್ತಬೇಕೆಂದು ಮಕ್ಕಳು ಹಟ ಹಿಡಿದರು. ಎದೆಯೆತ್ತರದ ಕಟ್ಟೆ, ಬೆನ್ನ ಹಿಂದೆ ನಿಜವಾದ ಗೂಳಿಯಿಲ್ಲದ್ದರಿಂದ ನನ್ನಿಂದಾಗಲಿಲ್ಲ. ನೇತಾಡುತ್ತಿದ್ದವನಿಗೆ ಕಾವ್ಯ ಕೈಚಾಚಿದಳು.

"ಜಲ್ದಿ ಬರ್ರಿ ಸರ್, ಬಂದ ಬಿಡ್ತೈತಿ!"

ಅವಳ ದನಿಯಲ್ಲಿ ನಿಜವಾದ ಹೆದರಿಕೆಯಿತ್ತು. ಯಾವ ಶಿಷ್ಯ ಯಾವ ಪದಕ ತಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.