ಜರಿ ಡಬ್ಬದ ಮುಚ್ಚಳ

ನಾನು ಮಾಂಬಳ್ಳಿಯಿಂದ ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಕೊನೆಗೆ. ಆ ಮನೆಯಲ್ಲಿ ಸೀರೆಯ ಜರಿ ಇರುತ್ತಿದ್ದುದು ಅಡುಗೆಮನೆಯಲ್ಲಿ, ಬೇಳೆ ಡಬ್ಬಗಳ ಪಕ್ಕ. ಮಳೆಗಾಲದ ತೇವ ತಗುಲಿದರೆ ಜರಿ ಕಪ್ಪಾಗುತ್ತದೆ. ಅದಕ್ಕೇ ಅತ್ತೆ ದಿನಾ ಬೆಳಗ್ಗೆ ಹಿತ್ತಾಳೆ ಡಬ್ಬವನ್ನು ಒಲೆಯ ಬಿಸಿಬೂದಿಯ ಮೇಲಿಟ್ಟು ಒಣಗಿಸಿ, ಆರಿದ ಮೇಲೆ ಜರಿ ಸುತ್ತಿದ ಕಂಡಿಕೆಗಳನ್ನಿಟ್ಟು ಗಾಳಿ ಆಡದಂತೆ ಮುಚ್ಚುತ್ತಿದ್ದರು.

ಆ ವರ್ಷ ಅತ್ತೆಗೆ ಮಣಿಕಟ್ಟು ನೋವು. "ಇನ್ ಮಗ್ಗ ಬುಟ್ಬುಡವ್ವ, ನಿನ್ ಕೈಲಿ ಆಗಕಿಲ್ಲ" ಎಂದು ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದ ನಮ್ಮ ಯಜಮಾನರು ದಿನಕ್ಕೆರಡು ಸಲ ಹೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು, ಆದರೂ ಕೇಳಿ ಕೇಳಿ ನನಗೇ ರೇಗುತ್ತಿತ್ತು. ಅತ್ತೆ ಮಾತ್ರ ಹೋಗಿ ಮಗ್ಗದಲ್ಲಿ ಕೂರುತ್ತಿದ್ದರು.

ಒಂದು ದಿನ ಡಬ್ಬ ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ಆರುವವರೆಗೆ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಡಬ್ಬ ಸುಡುತ್ತಿರುವಾಗಲೇ ಕಂಡಿಕೆ ಹಾಕಿ ಮುಚ್ಚಳ ಅದುಮಿದೆ.

ಮಧ್ಯಾಹ್ನ ಸೀರೆಯ ಸೆರಗು ಶುರುಮಾಡಲು ಅತ್ತೆ ಜರಿಗೆ ಬಂದರು. ಮುಚ್ಚಳ ಕದಲಲಿಲ್ಲ. ಬಟ್ಟೆ ಸುತ್ತಿ ತಿರುಚಿದರು, ಮಂಡಿಗಳ ನಡುವೆ ಇಟ್ಟು ಎಳೆದರು.

"ಅವರ್ನ ಕರೀಲಾ ಅತ್ತೆ?" ಎಂದೆ.

"ಬ್ಯಾಡ" ಎಂದರು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಗಳನ್ನೇ ನೋಡುತ್ತ ಕೂತರು. "ಅವ ಯೋಳೋದು ದಿಟ ಕಣವ್ವ. ಒಂದ್ ಮುಚ್ಚಳ ತಗ್ಯಕೂ ಆಗ್ನಿಲ್ಲ. ಈ ಸೀರೆ ಮುಗಿಸಿ ಮಗ್ಗ ಬುಟ್ಬುಡ್ತೀನಿ."

ನಾನು ಓದಿದ ಯಳಂದೂರಿನ ಶಾಲೆಯಲ್ಲಿ ಮೇಷ್ಟ್ರು ಸೀಮೆಣ್ಣೆ ಡಬ್ಬದಲ್ಲಿ ನೀರು ಕುದಿಸಿ, ಬಾಯಿ ಬಿಗಿದು, ಮೇಲೆ ತಣ್ಣೀರು ಸುರಿದಾಗ ಡಬ್ಬ ತಾನಾಗಿಯೇ ನುಗ್ಗಾಗಿದ್ದು ನೆನಪಿಗೆ ಬಂತು. ಬೈದರೆ ಬೈಯಲಿ ಎಂದುಕೊಂಡು ಹೇಳಿಬಿಟ್ಟೆ.

"ನಿಮ್ ಕೈ ತಪ್ಪಲ್ಲ ಕಣತ್ತೆ. ಬಿಸಿ ಇದ್ದಂಗೇ ನಾನೇ ಮುಚ್ಬುಟ್ಟೆ. ಒಳಗಿನ ಗಾಳಿ ಆರಿ ಅದರ ಒತ್ತಡ ಕಮ್ಮಿ ಆಗ್ಬುಟ್ಟು, ಒರಗಿನ ಗಾಳಿ ಮುಚ್ಚಳವ ಅದುಮ್ಕಂಡದೆ. ಯಾರ್ ಎಳುದ್ರೂ ಬರಾಕಿಲ್ಲ."

ಅತ್ತೆ ಬೈಯಲಿಲ್ಲ. ಮುಚ್ಚಳವನ್ನೊಮ್ಮೆ ತಟ್ಟಿ, "ಅಂಗಾರೆ ಅವನ್ನ ಕರಿ" ಎಂದರು.

ಯಜಮಾನರು ಬಂದು ಕತ್ತಿನ ನರ ಉಬ್ಬುವವರೆಗೆ ಎಳೆದರು. ಬರಲಿಲ್ಲ. ಅತ್ತೆ ಡಬ್ಬವನ್ನು ಅವರಿಂದ ತೆಗೆದುಕೊಂಡು ನನಗೆ ಕೊಟ್ಟರು. ನಾನು ಬಿಸಿಬೂದಿಯ ಮೇಲೆ ಕೊಂಚ ಹೊತ್ತು ಇಟ್ಟು ಮರಳಿ ಅತ್ತೆಗೆ ಕೊಟ್ಟೆ. ಎರಡು ಬೆರಳಲ್ಲಿ ಮೀಟಿದರು, ಮುಚ್ಚಳ ಬಂತು.

ಕಂಡಿಕೆ ತೆಗೆದುಕೊಂಡು ಮಗ್ಗದ ಕಡೆ ಹೊರಟವರು ಬಾಗಿಲಲ್ಲಿ ನಿಂತು ಮಗನನ್ನು ಕೇಳಿದರು: "ಮಗ್ಗ ಬುಡಬೇಕಾದ್ದು ನಾನಾ ನೀನಾ, ಈಗ ಯೋಳ್ಲಾ."