ಇಂದ್ರವ್ವ ಬೆಳಗಿದ ತಾಳ

ಇಳಕಲ್ಲಿನ ಇಂದ್ರವ್ವನಿಗೆ ಮಗಳ ಎಡಗೈ ಮೊದಲು ಕಣ್ಣಿಗೆ ಬಿದ್ದದ್ದು ಊಟಕ್ಕೆ ಕೂತಾಗ. ಭುವನೇಶ್ವರಿ ರೊಟ್ಟಿ ಮುರಿದದ್ದು ಬಲಗೈಯಲ್ಲೇ. ಆದರೆ ನೀರಿನ ಚರಿಗೆಗೆ ಎಡಗೈ ಹೋಯಿತು, ಉಪ್ಪಿಗೆ ಎಡಗೈ ಹೋಯಿತು, ಪಲ್ಯ ನೀಡುವ ಸೌಟಿಗೂ ಎಡಗೈಯೇ ಹೋಯಿತು. ಹುಟ್ಟಿದಾಗಿನಿಂದ ಬಲಗೈಯ ಹುಡುಗಿ ಅದು. ಆ ಮನೆಯಲ್ಲಿ ಎಡಚ ಅಂತ ಇದ್ದವನು ಒಬ್ಬನೇ, ಅವಳ ಅಣ್ಣ ಶ್ರೀಶೈಲ. ಅವನು ತೀರಿಹೋಗಿ ಎರಡನೆಯ ವರ್ಷ ನಡೆದಿತ್ತು.

ಇಂದ್ರವ್ವ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನೇಕಾರರ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತಿ ಕೊಟ್ಟೇ ಇಬ್ಬರು ಮಕ್ಕಳನ್ನು ಬೆಳೆಸಿದವಳು. ಎಳೆ ಹರಿದದ್ದು ಅವಳ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಹರಿದಾಗ ಎಳೆದಾಡಬಾರದು, ಎಳೆದರೆ ಇನ್ನಷ್ಟು ಹರಿಯುತ್ತದೆ. ತುದಿ ಸಿಗುವತನಕ ಸುಮ್ಮನೆ ಹುಡುಕಬೇಕು.

ಶ್ರೀಶೈಲ ಬಾಗಲಕೋಟೆಯಲ್ಲಿ ವಾಯರಿಂಗ್ ಕೆಲಸ ಮಾಡುತ್ತಿದ್ದ. ಸಂಜೆಯಾದರೆ ಸತ್ಯಬೋಧ ಎಂಬ ಗೆಳೆಯನ ಶೆಡ್ಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಸತ್ಯಬೋಧನದು ಗಿಟಾರು. ಅವರು ನುಡಿಸುವುದಕ್ಕೆ ಮೆಟಲ್ ಅಂತಾರೆ. ಹಾಗಂದರೆ ಏನು ಎಂದು ಇಂದ್ರವ್ವ ಒಮ್ಮೆ ಕೇಳಿದ್ದಳು. "ಸಿಟ್ಟು ಯವ್ವಾ. ಲೆಕ್ಕಕ್ಕ ಬಿದ್ದ ಸಿಟ್ಟು," ಎಂದು ನಕ್ಕಿದ್ದ. ಆಮೇಲೊಂದು ಮಳೆಯ ಸಂಜೆ ಊರಿಗೆ ಬರುವಾಗ ಅಮೀನಗಡದ ಆಚೆ ಅವನ ಬೈಕು ಜಾರಿತು.

ಹುನಗುಂದದ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದ ಭುವನೇಶ್ವರಿ, ಅಣ್ಣನ ಸಾಮಾನು ತರಲೆಂದು ಆ ಶೆಡ್ಡಿಗೆ ಹೋದವಳು, ಅವನ ಸ್ಟೂಲಿನ ಮೇಲೆ ಕೂತು ಅತ್ತಳಂತೆ. ಅತ್ತು ಮುಗಿದ ಮೇಲೆ ಕೋಲು ಹಿಡಿದಳಂತೆ. ಡ್ರಮ್ಮುಗಳನ್ನೆಲ್ಲ ಅವನು ಎಡಚನಿಗೆ ಹೊಂದುವಂತೆ ತಿರುವಿ ಇಟ್ಟಿದ್ದ. ಅವುಗಳನ್ನು ಅಲುಗಿಸಲು ಅವಳಿಗೆ ಮನಸ್ಸಾಗಲಿಲ್ಲ. ತನ್ನ ಕೈಯನ್ನೇ ತಿರುವಿಕೊಂಡಳು. ರಜೆ ಬಂದಾಗಲೆಲ್ಲ ಹೋದಳು, ಕಲಿತಳು, ಅಣ್ಣನ ಜಾಗಕ್ಕೆ ಅವಳೇ ಬಂದಳು.

ಎರಡನೆಯ ವರ್ಷದ ಕಾರ್ಯಕ್ಕೆ ಫೋಟೊದ ಮುಂದೆ ಇಡೋಣವೆಂದು ಅಣ್ಣನ ದೊಡ್ಡ ತಾಳವನ್ನು ಅವಳು ಮನೆಗೆ ತಂದಳು. ಸ್ಟ್ಯಾಂಡಿನ ಮೇಲೆ ಕೂಡಿಸಿ ಕೋಲಿನಿಂದ ಹೊಡೆಯುವ ಅಗಲ ಕಂಚಿನ ಬಿಲ್ಲೆ ಅದು. ಮೈಯೆಲ್ಲ ಕಪ್ಪಾಗಿತ್ತು. ದೇವರ ಮುಂದಿನ ಕಂಚು ಹಿತ್ತಾಳೆಯನ್ನು ಹಾಗೆ ಇಡುವ ಹೆಂಗಸಲ್ಲ ಇಂದ್ರವ್ವ. ಮಗಳು ಹುನಗುಂದಕ್ಕೆ ಹೋದ ಹೊತ್ತಿನಲ್ಲಿ ಹುಣಸೆಹಣ್ಣು, ಇಟ್ಟಿಗೆಪುಡಿ ತಗೊಂಡು ಬಚ್ಚಲಕಲ್ಲಿನ ಮೇಲೆ ಕೂತಳು. ತಾಳದ ಮೈತುಂಬ ಸುತ್ತುಸುತ್ತಾಗಿ ಸಣ್ಣ ಗೆರೆಗಳಿದ್ದವು. ಒಂದೊಂದು ಗೆರೆಯ ಗುಂಟ ಬೆರಳು ಆಡಿಸಿ, ತಿಕ್ಕಿ, ತೊಳೆದು ಒರೆಸಿದಳು. ಫೋಟೊದ ಮುಂದೆ ಇಟ್ಟಾಗ ಶ್ರೀಶೈಲನ ಮುಖ ಅದರಲ್ಲಿ ಕಾಣುತ್ತಿತ್ತು.

ಸಂಜೆ ಬಂದ ಭುವನೇಶ್ವರಿ ಹೊಸ್ತಿಲಲ್ಲೇ ನಿಂತಳು.

"ಯವ್ವಾ, ಏನ್ ಮಾಡಿದಿ?"

"ಭಾಳ ಕಿಲುಬು ಹಿಡದಿತ್ತವ್ವಾ. ಬೆಳಗಿದೆ."

"ಕಿಲುಬಲ್ಲ ಅದು. ಅವನ ಬೆವರು, ಅವನ ಕೋಲಿನ ಕಲಿ..." ಎಂದವಳು ಅದನ್ನೆತ್ತಿ ಬೆರಳಿಗೆ ಸಿಕ್ಕಿಸಿ ಬಾರಿಸಿದಳು. ತಂದ ದಿನ ಬಾರಿಸಿದಾಗ ಅದಕ್ಕೆ ಒಂದು ಮಬ್ಬು ದನಿಯಿತ್ತು, ಕತ್ತಲ ಕೋಣೆಯಿಂದ ಯಾರೋ ಓಗೊಟ್ಟ ಹಾಗೆ. ಈಗ ಬರೀ ಚುರುಕು, ಬರೀ ಬೆಳಕು. ಇಂದ್ರವ್ವನಿಗೂ ಅದು ತಿಳಿಯಿತು.

ಮರುದಿನ ಸತ್ಯಬೋಧನ ಫೋನು ಬಂತು. ಮಗಳು ಕೂದಲು ಬಾಚುತ್ತ ಸ್ಪೀಕರ್ ಹಾಕಿದ್ದಳು.

"ಬರೂ ಐತವಾರ ಕಾರ್ಯಕ್ರಮ ಅದ. ಕೃಷ್ಣಾಜಿಯವರ ಅಂಗಡ್ಯಾಗ ನೋಡೋಣು, ಅಂಥಾದ್ದ ಇನ್ನೊಂದು ತಾಳ ಸಿಕ್ಕೇ ಸಿಗತದ. ಜನ ಕಣ್ ಮುಚ್ಚಿದ್ರ, ಶ್ರೀಶೈಲನ ಬಂದಾನ ಅನ್ಬೇಕು ನೋಡು, ಭುವನಿ."

ಬಾಚಣಿಗೆ ಮಗಳ ಎಡಗೈಯಲ್ಲಿತ್ತು. ಇಂದ್ರವ್ವ ಸುತ್ತುತ್ತಿದ್ದ ಕಂಡಿಕೆಯನ್ನು ಕೆಳಗಿಟ್ಟಳು. "ನಾನೂ ಬರ್ತೇನಿ," ಎಂದಳು.

"ನೀ ಬಂದು ಏನ್ ಮಾಡ್ತೀಯವ್ವಾ, ಅಲ್ಲಿ?"

"ಕೆಡಿಸಿದಾಕಿ ನಾ. ಬರ್ತೇನಿ."

ಬಾಗಲಕೋಟೆಯ ಆ ಅಂಗಡಿಯಲ್ಲಿ ಮುಂದೆ ಹಾರ್ಮೋನಿಯಂ, ಡಗ್ಗಾ, ಭಜನೆಯ ತಾಳಗಳು. ಒಳಕೋಣೆಯಲ್ಲಿ ಸ್ಟ್ಯಾಂಡುಗಳ ಮೇಲೆ ದೊಡ್ಡ ತಾಳಗಳು, ಬೋರಲು ಹಾಕಿದ ತಾಟುಗಳ ಹಾಗೆ. ಇಂದ್ರವ್ವನಿಗೆ ಮಗನ ತಾಟು ನೆನಪಾಯಿತು. ಅವನು ಹೋದ ಮೇಲೆ ಅದನ್ನು ಮಠದ ಅಯ್ಯನವರಿಗೆ ಕೊಟ್ಟುಬಿಟ್ಟಿದ್ದಳು. ಹೋದವರ ತಾಟಿನಲ್ಲಿ ಇದ್ದವರು ಉಂಡರೆ, ಉಂಡದ್ದು ಇದ್ದವರಿಗೆ ದಕ್ಕುವುದಿಲ್ಲ ಎನ್ನುವುದು ಅವಳ ಅತ್ತೆಯ ಮಾತು. ತಾಟು ಕೊಟ್ಟೆ, ತಾಳ ಇಟ್ಟುಕೊಂಡೆ ಎಂದು ಈಗ ಹೊಳೆಯಿತು.

"ಕೂಡ್ರಿ ಅವ್ವಾರ," ಎಂದರು ಕೃಷ್ಣಾಜಿ. "ಇದು ಭಜನಿ ತಾಳ ಅಲ್ರಿ ಮತ್ತ. ಬಡದ್ರ ದೇವರೂ ಗುಡಿ ಬಿಟ್ಟು ಓಡಬೇಕು."

"ಓಡ್ಲಿ ಬಿಡ್ರಿ. ಕುಂತು ಕುಂತು ಅವಂಗೂ ಕಾಲು ಜೋಮು ಹಿಡದಿರ್ತಾವು."

ಕೃಷ್ಣಾಜಿ ನಗುತ್ತ ಒಂದೊಂದೇ ತೋರಿಸಿದರು. ತೆಳುವಾದದ್ದು ಬೇಗ ಬಾಯಿ ಬಿಟ್ಟು ಬೇಗ ಮುಚ್ಚುತ್ತದೆ. ಅದನ್ನು ಮೆಟಲ್‌ನವರು ಬಾರಿಸಿದರೆ ವರ್ಷದೊಳಗೆ ಸೀಳುತ್ತದೆ. ದಪ್ಪನೆಯದು ಗಿಟಾರಿನ ಗದ್ದಲವನ್ನು ಸೀಳಿಕೊಂಡು ಬರುತ್ತದೆ, ಆದರೆ ಕೈ ನೋಯಿಸುತ್ತದೆ. ಹಿತ್ತಾಳೆಯದು ಪಾತೇಲಿಯ ಮುಚ್ಚಳ, ಮುಟ್ಟಲೇಬೇಡಿ ಎಂದರು. ಭುವನೇಶ್ವರಿ ಬಾರಿಸುತ್ತ ಹೋದಳು. ಸತ್ಯಬೋಧ ಮೊಬೈಲಿನಲ್ಲಿ ಶ್ರೀಶೈಲನ ಹಳೆಯ ನುಡಿಕೆ ಹಚ್ಚಿ ಕಿವಿಗೆ ಹಿಡಿದು, ಪ್ರತಿಯೊಂದಕ್ಕೂ "ಅಲ್ಲ... ಅಲ್ಲ..." ಎನ್ನುತ್ತಿದ್ದ.

ಮೂಲೆಯಲ್ಲೊಂದು ಕಪ್ಪುಬಣ್ಣದ ತಾಳವಿತ್ತು. ಅದರ ಮೇಲೆ ಕೋಲು ಬಿದ್ದದ್ದೇ ತಡ, ಸತ್ಯಬೋಧ ಕಿವಿಯಿಂದ ಮೊಬೈಲು ತೆಗೆದ. ಅದೇ ಮಬ್ಬು, ಅದೇ ಓಗೊಡುವ ದನಿ. ಇಂದ್ರವ್ವ ತನಗೆ ತಿಳಿಯದೆ ಬಾಗಿಲ ಕಡೆ ನೋಡಿದಳು, ಚಪ್ಪಲಿ ಒದ್ದು ಬಿಟ್ಟು ಅವನು ಒಳಗೆ ಬರುತ್ತಾನೆ ಎಂಬ ಹಾಗೆ.

"ಇದ! ಇದ!" ಎಂದ ಸತ್ಯಬೋಧ. ಅವನ ಕಣ್ಣು ತುಂಬಿದ್ದವು.

ಭುವನೇಶ್ವರಿ ಮತ್ತೆ ಬಾರಿಸಿದಳು, ಮತ್ತೆ. ಕಣ್ಣು ಮುಚ್ಚಿದ್ದಳು. ಕೆಳದವಡೆ ಮುಂದೆ ಚಾಚಿತ್ತು. ಡ್ರಮ್ಮಿಗೆ ಕೂತಾಗ ಶ್ರೀಶೈಲ ಚಾಚುತ್ತಿದ್ದದ್ದೂ ಹಾಗೇ. ಭುಜ ಅವನದೇ, ಕೈಯ ಬೀಸು ಅವನದೇ.

"ಭುವನಿ," ಎಂದು ಇಂದ್ರವ್ವ ಕರೆದಳು.

ಮಗಳು ತಿರುಗಲಿಲ್ಲ.

"ಯವ್ವಾ ಭುವನಿ."

ಕೋಲು ಬೀಳುತ್ತಲೇ ಇತ್ತು. ಇಂದ್ರವ್ವ ಒಂದು ಹೆಜ್ಜೆ ಮುಂದೆ ಬಂದಳು. ಬೇಡ ಬೇಡವೆಂದರೂ ಬಾಯಿಗೆ ಬಂದುಬಿಟ್ಟಿತು: "ಶ್ರೀಶೈಲಾ."

"ಏನ್ ಯವ್ವಾ?" ಎಂದು ಮಗಳು ತಿರುಗಿದಳು.

ತಾನು ಓಗೊಟ್ಟದ್ದು ಯಾವ ಹೆಸರಿಗೆ ಎಂದು ಭುವನೇಶ್ವರಿಗೆ ಸಾವಕಾಶವಾಗಿ ತಿಳಿಯುತ್ತ ಬಂತು. ಎಡಗೈಯಲ್ಲಿದ್ದ ಕೋಲನ್ನು ಯಾರದೋ ಎಂಬಂತೆ ನೋಡಿದಳು.

"ಇದು ಬ್ಯಾಡ," ಎಂದಳು ಇಂದ್ರವ್ವ.

"ಅವ್ವಾರ, ಹಿಂಗಂದ್ರ ಹೆಂಗ್ರಿ?" ಸತ್ಯಬೋಧನ ದನಿ ಒಡೆದಿತ್ತು. "ಅವನ ಸೌಂಡ್ ಇಷ್ಟಾದ್ರೂ ಉಳೀಲಿ ಅಂತ..."

"ಅವನ್ನ ನೆನೆಸಾಕ ನಾ ಅದೀನಿ, ತಮ್ಮಾ. ನೀನೂ ಅದೀಯ. ಇಕಿ ಇಕಿಯಾಗಿ ಉಳೀಬೇಕಂದ್ರ ಯಾರ ಅದಾರ?" ಮಗಳ ಕಡೆ ತಿರುಗಿದಳು. "ಬಲಗೈಲೆ ಹಿಡಿಯವ್ವಾ. ನಿನಗ ಯಾವುದು ಬೇಕು, ಅದನ್ನ ಹೇಳು."

"ನನಗ ಗೊತ್ತಿಲ್ಲ ಯವ್ವಾ. ಅವಗ ಯಾವ್ದು ಸೇರತಿತ್ತು ಅನ್ನೂದಷ್ಟ ಗೊತ್ತು."

"ಹುಡುಕು. ಗಾಡಿ ಸಂಜೀಮಟಾ ಅದಾವು."

ಬಲಗೈಯ ಮೊದಲ ಏಟು ಗುರಿ ತಪ್ಪಿ ಸ್ಟ್ಯಾಂಡಿಗೆ ಬಿತ್ತು. ಭುವನೇಶ್ವರಿ ಹೊಸದಾಗಿ ಕಲಿಯುವವಳ ಹಾಗೆ ಒಂದೊಂದನ್ನೇ ಮುಟ್ಟಿ, ಬಾರಿಸಿ, ನಿಂತು ಕೇಳಿದಳು. ಒಂದು ಹಿಡಿಸಲಿಲ್ಲ. ಇನ್ನೊಂದು ಚೆನ್ನಾಗಿದೆ ಎಂದು, ಮತ್ತೆ ಕೇಳಿ ಬೇಡವೆಂದಳು. ಕೃಷ್ಣಾಜಿ ಅಂಗಡಿಯ ಮುಂದಿನ ಗಿರಾಕಿಗಳನ್ನು ತಡೆದು ನಿಲ್ಲಿಸಿದರು. ಕೊನೆಗೆ ಅವಳು ಅಂಚು ಮೇಲಕ್ಕೆ ಮಗುಚಿದ ಒಂದು ತಾಳದ ಮುಂದೆ ನಿಂತಳು. ಚೈನಾ ಅಂತಾರೆ ಅದಕ್ಕೆ. ಬಾರಿಸಿದರೆ ಗಾಳಿಗೆ ತಗಡು ಹರಿದ ಸದ್ದು. ಇಂದ್ರವ್ವ ಎರಡೂ ಕಿವಿ ಮುಚ್ಚಿಕೊಂಡಳು.

"ಎಷ್ಟ ಕೆಟ್ಟ ಐತಿ ಇದು!"

ಭುವನೇಶ್ವರಿ ಅದಕ್ಕೇ ಇನ್ನೊಂದು ಏಟು ಹಾಕಿದಳು, ಮತ್ತೊಂದು, ಆಮೇಲೆ ನಕ್ಕುಬಿಟ್ಟಳು. "ಅಣ್ಣಗ ಇದು ಸೇರ್ತಿದ್ದಿಲ್ಲ. ಎಂದೂ ಇಟ್ಟಿದ್ದಿಲ್ಲ ಅಂವ. ನನಗ ಬೇಕು ಯವ್ವಾ."

"ಇದನ್ನ ತಗೊಂಡ್ರ ಐತವಾರ ಹಾಡೆಲ್ಲಾ ಬ್ಯಾರೆ ಆಗ್ತಾವಲ್ಲ," ಎಂದ ಸತ್ಯಬೋಧ, ಸೋತ ದನಿಯಲ್ಲಿ.

"ಆಗ್ಲಿ. ಡ್ರಮ್ಮು ಸೈತ ತಿರಿವಿ ಇಡೂದೈತಿ. ಐತವಾರ ನೀ ಲಗೂನ ಬಾ," ಎಂದು ಭುವನೇಶ್ವರಿ ಮೈಯ ಬಲವನ್ನೆಲ್ಲ ಹಾಕಿ ಕಡೆಯದೊಂದು ಏಟು ಕೊಟ್ಟಳು.

ಆ ಸದ್ದು ಅಡಗಿದ ಮೇಲೂ ಕೋಣೆಯಲ್ಲಿ ಒಂದು ದನಿ ಉಳಿಯಿತು. ಕೃಷ್ಣಾಜಿ ಹೊಸ ತಾಳಕ್ಕೆ ಬಟ್ಟೆ ಸುತ್ತುತ್ತಿದ್ದರು, ಭುವನೇಶ್ವರಿ ಸತ್ಯಬೋಧನ ಜೊತೆ ಆಗಲೇ ಬಾಗಿಲ ಹತ್ತಿರ ಮಾತಾಡುತ್ತಿದ್ದಳು. ಇಂದ್ರವ್ವ ಒಬ್ಬಳಿಗೇ ಕೇಳಿಸಿತು. ಮೂಲೆಯ ಕಪ್ಪು ತಾಳ, ಯಾರೂ ಮುಟ್ಟದೆ, ಸಣ್ಣಗೆ ಗುಂಯ್ಗುಟ್ಟುತ್ತಿತ್ತು. ಅವಳು ಎದ್ದು ಹೋಗಿ ಅದರ ಮೇಲೆ ಅಂಗೈ ಊರಿದಳು. ಮಲಗುವ ಕೂಸಿನ ಬೆನ್ನಿನ ಹಾಗೆ ಅದು ಕೈಯ ಕೆಳಗೆ ನಡುಗಿತು. ಪೂರಾ ಸುಮ್ಮನಾಗುವತನಕ ಹಾಗೇ ಹಿಡಿದು ನಿಂತಳು. ಆಮೇಲೆ ಒಂದೊಂದೇ ಬೆರಳೆತ್ತಿ ಕೈ ಬಿಟ್ಟಳು.